ಹಾರ ಹಾಕಿಕೊಂಡ ಹಲಗೆ

ನಾಸಿಕದ ತರಬೇತಿ ಕೊಠಡಿಯಲ್ಲಿ ನಾನು ಪ್ರತಿ ತಂಡಕ್ಕೂ ಮೊದಲ ಗಂಟೆಯಲ್ಲಿ ಹೇಳುವ ವಾಕ್ಯವೊಂದಿದೆ: "ಈ ಹಲಗೆಯ ಚೌಕಟ್ಟಿನೊಳಗೆ ಕಣ್ಣಿಗೆ ಕಾಣದ ಬೆಳಕಿನ ಎಳೆಗಳು ಅಡ್ಡಕ್ಕೂ ಉದ್ದಕ್ಕೂ ಹರಿಯುತ್ತಿರುತ್ತವೆ, ಆ ಎಳೆಗಳಿಗೆ ಏನು ಅಡ್ಡಬಂದರೂ ಹಲಗೆ ಅದನ್ನು ಬೆರಳೆಂದೇ ತಿಳಿಯುತ್ತದೆ." ಹೇಳುವುದು ಮರಾಠಿಯಲ್ಲಿಯಾದರೂ ಅದನ್ನು ನಾನು ಮೊದಲು ಕಟ್ಟಿದ್ದು ಕನ್ನಡದಲ್ಲಿ. ಒಂದು ಸಂಜೆಯೆಲ್ಲ ಅದಕ್ಕೇ ಹೋಯಿತು. ಅಲ್ಪವಿರಾಮ ಎಲ್ಲಿ ಬರಬೇಕೆಂಬುದನ್ನು ತೀರ್ಮಾನಿಸುವಷ್ಟರಲ್ಲಿ ಒಲೆಯ ಮೇಲಿನ ಬೇಳೆ ಸೀದಿತ್ತು.

ಬೀದರಿನ ಹೈಸ್ಕೂಲೊಂದರಲ್ಲಿ ನಾನು ಬಹುಕಾಲ ವ್ಯಾಕರಣ ಕಲಿಸಿದವಳು. ಯಜಮಾನರ ಕೇಂದ್ರ ಸರ್ಕಾರದ ನೌಕರಿ ನಮ್ಮನ್ನು ನಾಸಿಕಕ್ಕೆ ತಂದು ಇಳಿಸಿದಾಗ, ಈ ಊರಿನಲ್ಲಿ ಸಂಧಿಸಮಾಸಗಳಿಗೆ ಗಿರಾಕಿಯೇ ಇಲ್ಲವೆಂಬುದು ತಿಳಿಯಿತು. ಮನೆಯಲ್ಲಿ ಮಗಳಿದ್ದಾಳಲ್ಲ ಎಂದುಕೊಂಡರೆ, ಅವಳು ನಾನು ಕನ್ನಡದಲ್ಲಿ ತಿದ್ದಿದ್ದನ್ನೆಲ್ಲ ಮರಾಠಿಯಲ್ಲಿ ಒಪ್ಪಿಕೊಂಡು ಹೊರಗೆ ಓಡುತ್ತಾಳೆ. ಆದ್ದರಿಂದ, ನಾಸಿಕ ಮತ್ತು ಸಂಭಾಜಿನಗರ ಎರಡೂ ಕಡೆ ಹೈಸ್ಕೂಲುಗಳನ್ನು ನಡೆಸುವ ಶಿಕ್ಷಣ ಸಂಸ್ಥೆಯೊಂದು, ತನ್ನ ತರಗತಿಗಳಿಗೆ ಮುಟ್ಟಿದರೆ ಮಾತಾಡುವ ಡಿಜಿಟಲ್ ಹಲಗೆಗಳನ್ನು ತರಿಸಿ, ಅವುಗಳನ್ನು ಶಿಕ್ಷಕರಿಗೆ ಕಲಿಸುವವರು ಬೇಕೆಂದಾಗ ನಾನು ಒಪ್ಪಿಕೊಂಡೆ. ಹಲಗೆಯೂ ನನ್ನಂತೆಯೇ ಕ್ರಮ ತಪ್ಪಿದರೆ ಕೆಲಸ ಮಾಡದ ಜೀವಿ. ನಮ್ಮಿಬ್ಬರಿಗೂ ಬೇಗ ಹೊಂದಿಕೆಯಾಯಿತು.

ಶಿಕ್ಷಕರಿಗೆ ಹೊಂದಿಕೆಯಾಗಲಿಲ್ಲ. ಇತಿಹಾಸದ ಒಬ್ಬ ಹಿರಿಯರು ಭೂಪಟ ತೂಗುಹಾಕಲು ಹಲಗೆಯ ನಡುವೆ ಎಲ್ಲಿ ಮೊಳೆ ಹೊಡೆಯಬೇಕೆಂದು ಸುತ್ತಿಗೆಯೊಂದಿಗೇ ಬಂದು ಕೇಳಿದರು. ಮಾಲೇಗಾಂವಿನಿಂದ ಬಂದಿದ್ದ ಶಿಕ್ಷಕಿಯೊಬ್ಬರು ಪಾಠ ಮುಗಿದೊಡನೆ ಒದ್ದೆ ಬಟ್ಟೆಯಿಂದ ಅದನ್ನು ಒರೆಸತೊಡಗಿ, ಪರದೆಯ ಮೇಲಿನ ಚಿತ್ರ ಅಳಿಸಿಹೋಗದೆ ದೊಡ್ಡದಾಗುತ್ತ ಹೋದದ್ದನ್ನು ಕಂಡು, "ಇದು ಎಂಥಾ ಹಟಮಾರಿ ಕಲೆ!" ಎಂದು ಇನ್ನೂ ಜೋರಾಗಿ ಉಜ್ಜಿದರು.

ಆ ತಂಡದಲ್ಲಿ ಸಂಭಾಜಿನಗರದ ಶಾಲೆಯ ಗಣಿತದ ಮೇಷ್ಟರೊಬ್ಬರಿದ್ದರು. ಮೂಲತಃ ಕಲಬುರಗಿಯ ಕಡೆಯವರು. ನನ್ನ ಮರಾಠಿಯ ಹಿಂದಿನ ಕನ್ನಡವನ್ನು ಹೇಗೋ ವಾಸನೆ ಹಿಡಿದು, ನನ್ನ ಆ ಮೊದಲ ಗಂಟೆಯ ವಾಕ್ಯ ಮುಗಿದ ಕೂಡಲೇ ಎದ್ದು ನಿಂತರು.

"ಮೇಡಂ, ಏನು ಅಡ್ಡ ಬಂದ್ರೂ ಬೆರಳಾ ಅಂದ್ರಲ್ರೀ. ನೊಣ ಕುಂತ್ರ?"

"ನೊಣ ಕೂತರೂ ಹಲಗೆಯ ಪಾಲಿಗೆ ಅದು ಬೆರಳೇ."

"ಹಂಗಾರ ನೊಣಕ್ಕೂ ಟ್ರೇನಿಂಗ್ ಕೊಡಬೇಕಲ್ರೀ. ನಮ್ಮ ಸಾಲ್ಯಾಗ ಭಾಳ ಅವ."

ಪ್ರಶ್ನೆ ವಿಷಯಕ್ಕೆ ಸಂಬಂಧಿಸಿದ್ದಲ್ಲವೆಂದು ಹೇಳಿ ಅವರನ್ನು ಕೂರಿಸಿದೆ.

ಚಹಾದ ವೇಳೆಗೆ ಅವರು ನನ್ನ ಬಳಿಗೆ ಬಂದರು. ಈಗ ಮುಖದಲ್ಲಿ ತಮಾಷೆ ಇರಲಿಲ್ಲ. ಸಂಸ್ಥೆಯವರು ಹೊಸ ನಿಯಮವೊಂದನ್ನು ಮಾಡಿದ್ದರು: ಹಲಗೆಯನ್ನು ಬಳಸಿ ಪಾಠ ಮಾಡಲಾರದ ಶಿಕ್ಷಕರ ತರಗತಿಗಳಲ್ಲಿ ಇನ್ನು ಮುಂದೆ ನಾಸಿಕದಲ್ಲಿ ಚಿತ್ರೀಕರಿಸಿದ ಪಾಠಗಳೇ ಓಡತಕ್ಕವು. ದಸರೆಯ ನಂತರ ನಿರೀಕ್ಷಕರು ಬಂದು ಅವರ ಒಂದು ಪಾಠವನ್ನು ನೋಡಿ ತೀರ್ಮಾನಿಸುವವರಿದ್ದರು.

"ಫೇಲಾದ್ರ ಒಂಬತ್ತನೇ ಕ್ಲಾಸು ನನ್ನ ಕೈಯಿಂದ ಹೋಗ್ತದ್ರೀ," ಎಂದರು. "ನಾ ರಿಮೋಟ್ ಹಿಡಕೊಂಡು ಮೂಲ್ಯಾಗ ಕೂಡಬೇಕು. ಮಕ್ಕಳು ಡೌಟ್ ಕೇಳಿದ್ರ ಪಾಜ್ ಒತ್ತಬೇಕಂತ. ಪಾಜ್ ಒತ್ತಿದ ಮ್ಯಾಲ ಉತ್ತರ ಯಾರು ಹೇಳಬೇಕು, ಅದನ್ನ ನಿಯಮದಾಗ ಬರದೇ ಇಲ್ಲ."

ನಿಯಮವನ್ನು ನಾನೂ ಓದಿದ್ದೆ. ನಿಜವಾಗಿಯೂ ಬರೆದಿರಲಿಲ್ಲ. ಅಂತಹ ಅಪೂರ್ಣ ವಾಕ್ಯದ ಕೈಗೆ ಒಬ್ಬ ಶಿಕ್ಷಕರನ್ನು ಒಪ್ಪಿಸುವುದು ನನ್ನಿಂದಾಗದು ಎಂದುಕೊಂಡೆ.

ಆ ಬಳಿಕ ಸಂಭಾಜಿನಗರಕ್ಕೆ ಹಲವು ಬಾರಿ ಹೋಗಿ ಬಂದೆ. ಮೇಷ್ಟರ ಕಷ್ಟ ಬುದ್ಧಿಯದಾಗಿರಲಿಲ್ಲ, ಮರ್ಯಾದೆಯದಾಗಿತ್ತು. ಹಲಗೆಯ ಮುಂದೆ ಅವರು ಹೊಸ ಬೀಗರ ಮನೆಯಲ್ಲಿ ನಿಂತಂತೆ ನಿಲ್ಲುತ್ತಿದ್ದರು. ತಪ್ಪು ಗುಂಡಿ ಒತ್ತಿದರೆ "ತಪ್ಪಾತ್ರೀ" ಎಂದು ಹಲಗೆಗೇ ಹೇಳುತ್ತಿದ್ದರು. ಅದು ಸದ್ದು ಮಾಡಿದರೆ ಎರಡು ಹೆಜ್ಜೆ ಹಿಂದೆ ಸರಿದು, ಅದರ ಮಾತು ಮುಗಿಯುವವರೆಗೆ ಕಾಯುತ್ತಿದ್ದರು. ಕಂಕುಳಲ್ಲಿ ಮಾತ್ರ ಯಾವಾಗಲೂ ಹಳೆಯ ಕಟ್ಟಿಗೆಯ ಕೈವಾರ. ಅದು ಬೇಡವೆಂದರೆ, "ಇರಲಿ ಬಿಡ್ರಿ, ಧೈರ್ಯಕ್ಕ" ಎನ್ನುತ್ತಿದ್ದರು. ಆದರೂ ದಸರೆ ಹತ್ತಿರವಾಗುವಷ್ಟರಲ್ಲಿ ಚೌಕಳಿ ಹಾಳೆಯನ್ನು ತೆರೆದು, ವಿದ್ಯುತ್ ಪೆನ್ನಿನಿಂದ ಬಿಂದುಗಳನ್ನು ಗುರುತಿಸುವುದು ಅವರಿಗೆ ಕೈವಶವಾಗಿತ್ತು. ನಿರ್ದೇಶಾಂಕ ರೇಖಾಗಣಿತದ ಪಾಠ: ಅಡ್ಡಕ್ಕೆ ಎಷ್ಟು, ಮೇಲಕ್ಕೆ ಎಷ್ಟು ಎಂದು ಹೇಳಿದರೆ ಬಿಂದುವಿನ ವಿಳಾಸ ಸಿಗುವ ಆ ಪಾಠ. ಯಾವ ಗುಂಡಿಯ ನಂತರ ಯಾವುದು ಎಂಬುದನ್ನು ನಾನು 'ತಕ್ಕದ್ದು' ಎಂದು ಕೊನೆಗೊಳ್ಳುವ ವಾಕ್ಯಗಳಲ್ಲಿ ಬರೆದು ಅವರ ಮೇಜಿಗೆ ಅಂಟಿಸಿದೆ. ಎಲ್ಲವೂ ಸಿದ್ಧವಾಗಿತ್ತು.

ಖಂಡೇನವಮಿಯೊಂದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಆ ದಿನ ಆ ಶಾಲೆಯಲ್ಲಿ ದುಡಿಯುವ ವಸ್ತುಗಳಿಗೆಲ್ಲ ಪೂಜೆ. ಗಂಟೆಗೆ, ನೀರಿನ ಪಂಪಿಗೆ, ಪ್ರಯೋಗಾಲಯದ ತಕ್ಕಡಿಗೆ, ಯಾರೂ ಮುಟ್ಟದ ಹಳೆಯ ಟೈಪ್‌ರೈಟರಿಗೂ ಕುಂಕುಮ ಬೀಳುತ್ತದೆ. ಈ ವರ್ಷ ಮುಖ್ಯಾಧ್ಯಾಪಕಿಯವರು, ವಿದ್ಯೆಯೆಲ್ಲ ಬಂದು ಕೂತಿರುವುದು ಇದರಲ್ಲಿಯೇ ಎಂದು, ಎಲ್ಲಕ್ಕಿಂತ ದೊಡ್ಡ ಹಾರವನ್ನು ಡಿಜಿಟಲ್ ಹಲಗೆಗೇ ಹಾಕಿಸಿದ್ದರು. ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ, ನಡುವೆ ಜೋಲಿಯಂತೆ ಇಳಿಬಿದ್ದ ದಪ್ಪ ಚೆಂಡುಹೂವಿನ ಹಾರ. ಪೂಜೆ ಮಾಡಿದವರು ಸಂಸ್ಕೃತದ ಶಿಕ್ಷಕರು. ರಜೆ ಮುಗಿಸಿ ಬಂದು ಅವರೇ ಅಕ್ಷತೆ ಹಾಕಿ ಉತ್ತರಪೂಜೆ ಮಾಡಿ ದೇವಿಯನ್ನು ಬೀಳ್ಕೊಡುವವರೆಗೆ ಹಾರವನ್ನು ಯಾರೂ ಕದಲಿಸುವಂತಿಲ್ಲ.

ಶಾಲೆ ಮತ್ತೆ ತೆರೆದ ದಿನ ಬೆಳಿಗ್ಗೆ ಸಂಸ್ಕೃತದ ಶಿಕ್ಷಕರು ಸಿಲ್ಲೋಡಿನಿಂದ ಬರುವ ಬಸ್ಸಿನಲ್ಲಿದ್ದರು, ಬಸ್ಸು ಮೆಕ್ಕೆಜೋಳದ ಗಾಡಿಗಳ ಹಿಂದಿತ್ತು. ಮುಂದಿನ ವಾರ ಬರಬೇಕಿದ್ದ ನಿರೀಕ್ಷಕರು, ಶೇಂದ್ರಾದ ಹೊಸ ಶಾಖೆಗೆ ಹೋಗುವ ದಾರಿಯಲ್ಲಿ ಇದನ್ನೂ ಮುಗಿಸಿಬಿಡೋಣವೆಂದು ಅಂದೇ ಬಂದಿಳಿದರು. ಕೊನೆಯ ಅಭ್ಯಾಸಕ್ಕೆಂದು ಹೋಗಿದ್ದ ನಾನೂ ಅಲ್ಲಿಯೇ ಇದ್ದೆ. ನಿರೀಕ್ಷಕರು ಒಂಬತ್ತನೆಯ ತರಗತಿಗೆ ಬಂದು, ಚೀಲದಿಂದ ಹೊಚ್ಚಹೊಸ ರಿಮೋಟನ್ನು ತೆಗೆದು ಮೇಷ್ಟರ ಮೇಜಿನ ಮೇಲಿಟ್ಟರು. ಅಗತ್ಯ ಬಿದ್ದರೆ ಇರಲಿ ಎಂದರು. ಮೇಷ್ಟರು ಅದನ್ನು ನೋಡಿ ಕೈವಾರವನ್ನು ಇನ್ನಷ್ಟು ಬಿಗಿಯಾಗಿ ಕಂಕುಳಿಗೆ ಒತ್ತಿಕೊಂಡರು.

ಹಾರ ತೆಗೆಯಲು ನಾನು ಕೈಚಾಚಿದೆ.

"ಹಾತ್ ಲಾವೂ ನಕಾ!" ಕೈ ಹಚ್ಚಬೇಡಿ ಎಂದು ಮುಖ್ಯಾಧ್ಯಾಪಕಿ ಕೂಗಿ, ಎರಡೂ ತೋಳು ಚಾಚಿ ಹಲಗೆಗೆ ಅಡ್ಡ ನಿಂತರು. ಮುಂದಿನ ಚರ್ಚೆಯೆಲ್ಲ ಮರಾಠಿಯಲ್ಲಿ ನಡೆಯಿತು, ಸಾರಾಂಶ ಹೀಗಿದೆ. ಪೂಜೆಗೆ ಕೂತ ವಸ್ತುವಿಗೆ ಕೈ ತಾಗಬಾರದು. ಆದರೆ ವಿದ್ಯುತ್ ಪೆನ್ನು ಪೂಜೆಗೆ ಕೂತಿರಲಿಲ್ಲ, ನನ್ನ ಚೀಲದಲ್ಲಿತ್ತು. ಆದಕಾರಣ ಪೆನ್ನು ತಾಗಬಹುದು. ಹಾರ ಮಾತ್ರ ಇದ್ದಲ್ಲಿಯೇ ಇರತಕ್ಕದ್ದು. ತರ್ಕದಲ್ಲಿ ಎಲ್ಲಿಯೂ ಬಿರುಕು ಕಾಣದೆ ನಾನು ಪೆನ್ನನ್ನು ಮೇಷ್ಟರ ಕೈಗಿತ್ತೆ.

ಗೋಡೆಯ ಸ್ವಿಚ್ ಒತ್ತಿದೊಡನೆ ಹಲಗೆ ಹೊತ್ತಿಕೊಂಡಿತು. ಅತಿಥಿಗಳಿಗೆ ಸೆಕೆಯಾಗಬಾರದೆಂದು ಯಾರೋ ಫ್ಯಾನನ್ನೂ ಹಾಕಿದರು. ಹಾರ ತೂಗತೊಡಗಿತು.

ಮೊದಲು ಕ್ಯಾಲ್ಕುಲೇಟರ್ ತೆರೆದುಕೊಂಡು ತನ್ನಷ್ಟಕ್ಕೆ ಏನನ್ನೋ ಭಾಗಿಸಿತು. ಅನಂತರ ಕ್ಯಾಮೆರಾ ತೆರೆದು ನಿರೀಕ್ಷಕರ ಮುಖವನ್ನು ಗೋಡೆಯಗಲ ತೋರಿಸಿತು. ಅವರು ಮೂಗು ತುರಿಸುತ್ತಿದ್ದ ಬೆರಳನ್ನು ಥಟ್ಟನೆ ಇಳಿಸಿದರು. ಮಕ್ಕಳು ಬೆಂಚಿನ ಕೆಳಗೆ ನಗತೊಡಗಿದರು. ನಾನು ನನ್ನ ಬರಹದಲ್ಲಿದ್ದಂತೆ ಅದೇ ಸ್ವಿಚ್ಚಿನಿಂದ ಹಲಗೆಯನ್ನು ಆರಿಸಿ ಮತ್ತೆ ಹೊತ್ತಿಸಿದೆ. ಈ ಸಲ ಹಾರವು ನೇರವಾಗಿ ಸೆಟ್ಟಿಂಗ್ಸಿಗೆ ಹೋಗಿ, ಹಲಗೆಯ ಭಾಷೆಯನ್ನೇ ಬದಲಾಯಿಸಿಬಿಟ್ಟಿತು. ಪರದೆಯ ತುಂಬ ಪುಟ್ಟ ಕಿಟಕಿಬಾಗಿಲುಗಳಂತಹ ಅಕ್ಷರಗಳು. ಅದು ಯಾವ ದೇಶದ ಲಿಪಿಯೋ, ಕ್ರಿಯಾಪದ ಎಲ್ಲಿ ಮುಗಿಯುತ್ತದೋ ಒಂದೂ ನನಗೆ ತಿಳಿಯಲಿಲ್ಲ. ನಿರೀಕ್ಷಕರ ಕೈ ಮೆಲ್ಲಗೆ ರಿಮೋಟಿನತ್ತ ಸರಿಯಿತು.

ಮೇಷ್ಟರು ಹಲಗೆಯನ್ನು ನೋಡಿದರು, ಫ್ಯಾನನ್ನು ನೋಡಿದರು, ನನ್ನನ್ನು ನೋಡಿದರು.

"ಮೇಡಂ," ಎಂದರು ಮೆಲ್ಲಗೆ, "ನೊಣ."

"ಎಲ್ಲಿದೆ?"

"ನೊಣ ಅಲ್ರೀ, ಹೂ! ಏನು ಅಡ್ಡ ಬಂದ್ರೂ ಬೆರಳಾ ಅಂತ ನೀವಽ ಹೇಳೀರಲ್ಲ. ಇಷ್ಟು ಹೂ ಅಂದ್ರ ಇಷ್ಟು ಬೆರಳು. ಪಾಪ, ಹಲಗಿ ಏನು ಮಾಡ್ಬೇಕು? ಎಲ್ಲಾರ ಮಾತೂ ಕೇಳಾಕತ್ತದ."

ನಾನೇ ಕಟ್ಟಿದ ವಾಕ್ಯ ಅಲ್ಪವಿರಾಮ ಸಮೇತ ನನ್ನ ಮುಂದೆ ಬಂದು ನಿಂತಿತು. ಅವರು ಫ್ಯಾನ್ ಆರಿಸಲು ಹೇಳಿದರು. ತೂಗಾಟ ನಿಂತಿತು. ಕಿಟಕಿಬಾಗಿಲುಗಳ ನಡುವೆ, ಚೌಕಳಿ ಹಾಳೆಯ ಗುಂಡಿ ಯಾವ ಜಾಗದಲ್ಲಿರುತ್ತಿತ್ತೋ ಆ ಜಾಗವನ್ನು ನೆನಪಿನಿಂದಲೇ ಪೆನ್ನಿನಿಂದ ತಟ್ಟಿದರು. ಹಾಳೆ ತೆರೆಯಿತು. ತೆರೆದ ಕೂಡಲೇ ಪ್ರತಿಯೊಂದು ಹೂವಿನ ಹಿಂದೆಯೂ ಒಂದೊಂದು ಕೆಂಪು ಬಿಂದು ಮೂಡಿ ನಿಂತಿತು.

ಮೇಷ್ಟರು ಕಂಕುಳಿಂದ ಕೈವಾರವನ್ನು ತೆಗೆದು, ಅದರ ತುದಿಯಿಂದ ದೂರದಿಂದಲೇ ತೋರಿಸಿ ಮರಾಠಿಯಲ್ಲಿ ಕೇಳಿದರು: "ಎಲ್ಲಕ್ಕಿಂತ ಕೆಳಗಿರುವ ಹೂವಿನ ವಿಳಾಸ ಏನು?"

"ಅಡ್ಡಕ್ಕೆ ಸೊನ್ನೆ, ಸರ್! ಕೆಳಕ್ಕೆ ನಾಲ್ಕು!"

"ಎಡಗಡೆ ಈ ಹೂವು ಇದೆ. ಬಲಗಡೆ ಇದರ ಅವಳಿ ಯಾವುದು?"

ಒಬ್ಬ ಹುಡುಗಿ ಎದ್ದು ಹೇಳಿದಳು. ಚಿಹ್ನೆ ಮಾತ್ರ ಬದಲು, ಎತ್ತರ ಅದೇ. ನಾನು ಪುಸ್ತಕದಲ್ಲಿ ಒಂದು ಪುಟ ಓದಿಯೂ ತಿಳಿದುಕೊಳ್ಳದೆ ಬಿಟ್ಟಿದ್ದ ಸಂಗತಿ ಅದು. ಹಾರ ಎರಡೂ ಕಡೆಗೆ ಸಮನಾಗಿ ಇಳಿದಿತ್ತು, ಅಷ್ಟೇ.

"ಈಗ ಕೆಳಗಿನ ಹೂವನ್ನು ಬಲಕ್ಕೆ ಒಂದು ಮನೆ ಸರಿಸಿ," ಎಂದರು ಮೇಷ್ಟರು.

"ಸರ್, ಕೈ ತಾಗಿಸುವಂತಿಲ್ಲವಲ್ಲ!"

"ಬಾಯಿ ಇಲ್ಲೇನು?"

ಮುಂದಿನ ಬೆಂಚಿನ ಹುಡುಗ ಬಂದು ಕೆನ್ನೆ ಉಬ್ಬಿಸಿ ಊದಿದ. ಹೂವು ಕದಲಿತು, ಬಿಂದು ಗೆರೆ ಎಳೆಯುತ್ತ ಎರಡು ಮನೆ ದಾಟಿಹೋಯಿತು. "ಜಾಸ್ತಿ ಆಯಿತು!" ಎಂದು ಇಡೀ ತರಗತಿ ಕೂಗಿತು. ಇನ್ನೊಬ್ಬಳು ಊದಿದಳು, ಅರ್ಧ ಮನೆಗೆ ನಿಂತಿತು. "ಭಿನ್ನರಾಶಿ!" ಎಂದು ಹಿಂದಿನಿಂದ ಕೂಗಿದರು. ನಿರೀಕ್ಷಕರಿಗೆ ತಡೆಯಲಾಗಲಿಲ್ಲ. ಕುರ್ಚಿಯಿಂದೆದ್ದು ಬಂದು, "ನೀವೆಲ್ಲ ಊದುವ ಕೋನವೇ ತಪ್ಪು" ಎಂದು ಮಕ್ಕಳನ್ನು ಸರಿಸಿ, ಕನ್ನಡಕವನ್ನು ತಲೆಗೇರಿಸಿ, ಮಂಡಿ ಬಗ್ಗಿಸಿ ಊದತೊಡಗಿದರು.

"ಅಯ್ಯೋ, ಎಂಜಲು ಹಾರುತ್ತದೆ! ಎದುರಿಗೆ ಸರಸ್ವತಿ!" ಎಂದು ಮುಖ್ಯಾಧ್ಯಾಪಕಿ ಹಲುಬಿದರು. ನಿರೀಕ್ಷಕರು ಕೂಡಲೇ ತಪ್ಪೊಪ್ಪಿಕೊಂಡು ತಮ್ಮ ಫೈಲಿನಿಂದ ಬೀಸತೊಡಗಿದರು.

ಸಂಸ್ಕೃತದ ಶಿಕ್ಷಕರು ಅಕ್ಷತೆಯ ಬಟ್ಟಲು ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡದ್ದು ಆಗ. ಸಂಸ್ಥೆಯ ನಿರೀಕ್ಷಕರು ಮಂಡಿ ಬಗ್ಗಿಸಿ ದೇವಿಗೆ ಬೀಸಣಿಗೆ ಸೇವೆ ಮಾಡುತ್ತಿರುವುದನ್ನೂ, ಮಕ್ಕಳು "ಇನ್ನೂ, ಇನ್ನೂ!" ಎಂದು ಹುರಿದುಂಬಿಸುತ್ತಿರುವುದನ್ನೂ ಕಂಡು ಅವರು ಚಪ್ಪಲಿ ಕಳಚಿ, ಕಣ್ಣುಮುಚ್ಚಿ ಕೈಮುಗಿದರು. ಇಷ್ಟು ಭಕ್ತಿ ಸಂಸ್ಥೆಯ ಕಚೇರಿಯಲ್ಲಿ ಇರಬಹುದೆಂದು ತಾನು ಎಣಿಸಿರಲಿಲ್ಲವೆಂದು ಅವರು ಅನಂತರ ನನ್ನಲ್ಲಿ ಹೇಳಿದರು. ನಾನು ತಿದ್ದಲಿಲ್ಲ, ತಿದ್ದದೆ ಬಿಡುವುದು ನನಗೆ ಸುಲಭವಲ್ಲ.

ಉತ್ತರಪೂಜೆ ಆಯಿತು. ಹಾರ ಇಳಿಯಿತು. ಬಿಂದುಗಳಿಲ್ಲದ ಹಾಳೆಯನ್ನು ನೋಡಿ ಮಕ್ಕಳು ಒಟ್ಟಿಗೆ ನಿಟ್ಟುಸಿರಿಟ್ಟರು. ನಿರೀಕ್ಷಕರು ಫೈಲಿನೊಳಗಿಂದ ಹೂವಿನ ಎಸಳುಗಳನ್ನು ಕೊಡವಿ, ಗಂಭೀರರಾಗಲು ಸಾಕಷ್ಟು ಪ್ರಯತ್ನಪಟ್ಟು, ಒಂಬತ್ತನೆಯ ತರಗತಿಯ ಗಣಿತ ಇವರಲ್ಲೇ ಇರಲಿ ಎಂದರು. ಮೇಷ್ಟರು ಹಲಗೆಯ ಕಡೆ ತಿರುಗಿ ಬೆರಳ ತುದಿಯಿಂದ ಅದರ ಅಂಚನ್ನು ಒಮ್ಮೆ ತಟ್ಟಿದರು. ಬೀಗರ ಮನೆಯ ಸಂಕೋಚ ಹೋಗಿತ್ತು.

ನಿರೀಕ್ಷಕರು ತಮ್ಮ ವರದಿಯಲ್ಲಿ ಈ ವಿಧಾನವನ್ನು ಉಳಿದ ಶಾಲೆಗಳಲ್ಲಿಯೂ ಅಳವಡಿಸಬಹುದೆಂದು ಬರೆದರಂತೆ. ಆ ಕಾರಣ ಈಗ ನಾಸಿಕದ ತರಬೇತಿಯ ಮೊದಲ ಗಂಟೆಗೆ ನಾನೇ ಮಾರುಕಟ್ಟೆಗೆ ಹೋಗಿ ಚೆಂಡುಹೂ ತರುತ್ತೇನೆ. ಒದ್ದೆ ಬಟ್ಟೆಯ ಆ ಶಿಕ್ಷಕಿ ಮಾಲೇಗಾಂವಿನಿಂದ ಫೋನ್ ಮಾಡಿ, ಸೇವಂತಿಗೆಯಾದರೆ ನಡೆಯುತ್ತದೆಯೇ ಎಂದು ವಿಚಾರಿಸಿದರು.

ಮೊನ್ನೆ ಸಂಭಾಜಿನಗರಕ್ಕೆ ಹೋದಾಗ ಪಾಠಕ್ಕೆಂದು ಹೊಸ ಹಾರ ಹಾಕಿಕೊಂಡಿದ್ದ ಹಲಗೆ ಇನ್ನೂ ಆ ಕಿಟಕಿಬಾಗಿಲಿನ ಭಾಷೆಯಲ್ಲಿಯೇ ಇತ್ತು. ಸರಿಪಡಿಸಿ ಕೊಡುತ್ತೇನೆಂದು ಕುಳಿತೆ. ಮೇಷ್ಟರು ಬೇಡವೆಂದರು.

"ಇರಲಿ ಬಿಡ್ರಿ ಮೇಡಂ. ಯಾವ ಗುಂಡಿ ಎಲ್ಲದ ಅಂತ ಜಾಗಾ ಗೊತ್ತದ. ಮತ್ತೊಂದು ಫಾಯದೆ ಏನಂದ್ರ, ನಾಸಿಕದಿಂದ ಯಾರು ಬಂದ್ರೂ ಆ ರೆಕಾರ್ಡಿಂಗ್ ಪಾಠ ಹಚ್ಚಾಕ ಬರಂಗಿಲ್ಲ."

"ರಿಮೋಟ್ ಎಲ್ಲಿ?"

ಅವರು ಕಿಟಕಿಯ ಕಡೆ ಕೈತೋರಿಸಿದರು. ಗಾಳಿಗೆ ಬಡಿಯುವ ಕಿಟಕಿಯ ಸಂದಿಗೆ, ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದ ಆ ರಿಮೋಟನ್ನು ತುರುಕಿದ್ದರು. ಹಾರ ತೂಗಾಡಬಾರದಲ್ಲ, ಅದಕ್ಕೆ.