ಎರಡನೇ ಬ್ರೇಕು

ಡ್ರೈವಿಂಗ್ ಮೇಷ್ಟ್ರು ಚೌಕಾಸಿಗೆ ನಿಂತರೆ ಹಳೇ ಕಾರಿನ ವ್ಯಾಪಾರಿ ಬೆವರುತ್ತಿದ್ದ. ಕಾರು ಕೊಳ್ಳುವ ಶಿಷ್ಯರೆಲ್ಲ ಅವರನ್ನೇ ಮುಂದೆ ಬಿಟ್ಟುಕೊಂಡು ಬರುತ್ತಿದ್ದರು. ಟೈರಿನ ಸವೆತ, ಬಾಗಿಲಿನ ತುಕ್ಕು, ಒಂದನ್ನೂ ಬಿಡದೆ ಎತ್ತಿ ಆಡಿ ಬೆಲೆ ಇಳಿಸುವ ಆಸಾಮಿ.

ಇವತ್ತು ಅವರು ಶಾಲೆ ಮುಚ್ಚಿ, ತಮ್ಮ ತರಬೇತಿ ಕಾರನ್ನೇ ಕೊಟ್ಟು ಸಾದಾ ಕಾರೊಂದನ್ನು ಒಯ್ಯಲು ಬಂದಿದ್ದರು. ವ್ಯಾಪಾರಿ ಹಳೇ ಸೇಡು ತೀರಿಸಿಕೊಳ್ಳುವವನಂತೆ ತರಬೇತಿ ಕಾರಿನೊಳಗೆ ಬಗ್ಗಿದ. ಕಲಿಯುವವರು ಎಡವಟ್ಟು ಮಾಡಿದರೆ ಒತ್ತಲೆಂದು ಮೇಷ್ಟ್ರ ಸೀಟಿನ ಮುಂದೆಯೂ ಒಂದು ಬ್ರೇಕಿತ್ತು.

"ಇದನ್ನ ಕಿತ್ತು ಹಾಕೋ ಖರ್ಚು ನಿಮ್ದೇ ಮೇಷ್ಟ್ರೇ. ಎರಡನೇ ಬ್ರೇಕು ಯಾರಿಗೆ ಬೇಕು?"

"ಬೆಲೇಲಿ ಮುರ್ಕೊಳಪ್ಪ," ಎಂದರು ಮೇಷ್ಟ್ರು.

ತೋಳೇರಿಸಿ ನಿಂತಿದ್ದ ವ್ಯಾಪಾರಿ ಪೆಚ್ಚಾದ. ಮೇಷ್ಟ್ರ ಮಗಳು ಹೋದದ್ದು ಅವನಿಗೂ ಗೊತ್ತಿತ್ತು. ತಾನೇ ದುಡಿದು ಕೊಂಡ ಹೊಸ ಕಾರಿನಲ್ಲಿ, ಮೊದಲ ದಿನವೇ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟವಳು ಲಾರಿಗೆ ಗುದ್ದಿದ್ದಳು. ಉಳಿದವರು ಅಪ್ಪ ಮಾತ್ರ.

"ಬನ್ನಿ, ಒಂದು ರೌಂಡ್ ಹೋಗಿ ಬರೋಣ," ಎಂದ ವ್ಯಾಪಾರಿ, ಮೇಷ್ಟ್ರು ಒಯ್ಯಬೇಕಿದ್ದ ಕಾರನ್ನು ತಾನೇ ಓಡಿಸಿದ. ತಿರುವಿನಲ್ಲಿ ಲಾರಿಯೊಂದು ಎದುರಾಯಿತು. ಪಕ್ಕದಲ್ಲಿದ್ದ ಮೇಷ್ಟ್ರ ಕಾಲು ಕಾರಿನ ಬರಿ ನೆಲವನ್ನು ಬಲವಾಗಿ ಒತ್ತಿತು. ಲಾರಿ ದಾಟಿ ಹೋದರೂ ಬಿಡಲಿಲ್ಲ.

"ಮೇಷ್ಟ್ರೇ, ಅಲ್ಲೇನೂ ಇಲ್ಲ. ಕಾಲು ತೆಗೀರಿ."

"ಗೊತ್ತು ಕಣಪ್ಪ," ಎಂದರು ಮೇಷ್ಟ್ರು. "ಅವತ್ತೂ ಹೀಗೇ ಒತ್ತಿದೆ. ಅವತ್ತೂ ಇರ್ಲಿಲ್ಲ."