ಎಲುಬು ಹಂಚುವ ಕಾಚ್ಕಿನ್

ಮದುವೆಯಾಗಿ ಬೆಟ್ಟದೂರು ಕೊಚ್ಕೋರಿಗೆ ಬಂದ ದಿನವೇ ಕಾಚ್ಕಿನ್‌ನ ಹೆಸರು ನನ್ನ ಕಿವಿಗೆ ಬಿತ್ತು. ಮದುಮಗಳನ್ನು ಕೂರಿಸುವ ಪರದೆಯ ಹಿಂದೆ ನನ್ನ ಪಕ್ಕದಲ್ಲಿ ಕೂತಿದ್ದ ಓರಗಿತ್ತಿ ಪಿಸುಗುಟ್ಟಿದಳು: "ಸಂಜೆ ಕುರಿ ಬೇಯುತ್ತೆ. ನಿನ್ನ ಮೈದುನ ಕಾಚ್ಕಿನ್ ಯಾವ ಎಲುಬು ಕೊಡ್ತಾನೋ ನೋಡ್ಕೋ. ಈ ಮನೇಲಿ ನೀನು ಯಾರು ಅಂತ ಅದೇ ಹೇಳುತ್ತೆ."

ಅವನು ಕೊಟ್ಟದ್ದು ಎದೆಯ ಎಲುಬು, ಹೊಸ ಸೊಸೆಯರದು. "ತಗೋ ಅತ್ತಿಗೆ. ಗಟ್ಟಿ ಇದೆ, ನಮ್ಮಣ್ಣನ ತಲೆ ಹಾಗೆ" ಎಂದ. ನಾನು ಮುಸುಕಿನೊಳಗೇ ನಕ್ಕೆ.

ಕುರಿ ಕೊಯ್ಯುವವರು ಊರಲ್ಲಿ ಬೇಕಾದಷ್ಟು ಜನ. ಹಂಚಲು ಅವನೇ ಆಗಬೇಕು. ಯಾರು ಯಾರಿಗೆ ಹಿರಿಯರು, ಯಾರು ಯಾರ ಮನೆ ಅಳಿಯ, ಯಾವ ಮುದುಕನಿಗೆ ಸೊಂಟದೆಲುಬು, ಎಲ್ಲ ಅವನ ತಲೆಯಲ್ಲಿತ್ತು. ಒಂದು ಎಲುಬು ತಪ್ಪಿದರೆ ಎರಡು ಮನೆ ಮಾತು ಬಿಡುತ್ತವೆ. ಅವನಪ್ಪನೂ ಹಂಚುವವನೇ. ಕಡೆಗಾಲದಲ್ಲಿ ಮರೆವು ಹತ್ತಿ ಹೆತ್ತ ಮಗನನ್ನೇ ಕುದುರೆ ಕಳ್ಳನೆಂದು ತಿಳಿದು ಚಾವಟಿ ಎತ್ತಿದ್ದ. ಕಾಚ್ಕಿನ್‌ಗೆ ಸಾವಿನ ಭಯವಿರಲಿಲ್ಲ, ಅಪ್ಪನ ಹಾಗಾಗುವ ಭಯವಿತ್ತು.

ವಯಸ್ಸಾಗಿ ಹಲ್ಲು ಹೋದ ಮೇಲೆ ಕಾಚ್ಕಿನ್ ತನ್ನ ಪಾಲಿನ ಮಾಂಸವನ್ನೆಲ್ಲ ಸೊಸೆಯರಿಗೆ ಕೊಟ್ಟು, ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿಂದುಕೊಂಡೇ ವರ್ಷಗಟ್ಟಲೆ ಇದ್ದ. ಆಮೇಲೆ ಸಾರಿಗೆ ಉಪ್ಪಿಲ್ಲವೆಂದು ಜಗಳ ಶುರುವಾಯಿತು. ನಮ್ಮ ಬಾಯಿಗೆ ಅದು ಉಪ್ಪೇ ಉಪ್ಪು.

ನನ್ನ ಗಂಡ ಕುಬಾತ್ ತೀರಿಕೊಂಡ ಮರುವರ್ಷ ಒಂದು ಔತಣ. ನನ್ನ ವಯಸ್ಸಿಗೆ ಬಾಲದ ಬುಡ ಬರಬೇಕು. ಅವನು ಎದೆಯ ಎಲುಬು ಇಟ್ಟು, "ತಗೋ ಅತ್ತಿಗೆ, ಗಟ್ಟಿ ಇದೆ" ಎಂದ. ಮೈದುನನ ತಮಾಷೆಯೆಂದು ಎಲ್ಲರೂ ನಕ್ಕರು. ಅವನ ಕಣ್ಣು ನಗುತ್ತಿರಲಿಲ್ಲ. ಆಮೇಲೆ ಸೊಂಟದೆಲುಬನ್ನು ಎತ್ತಿ ನನ್ನ ಪಕ್ಕದ ಖಾಲಿ ಜಾಗದ ಮುಂದೆ ಇಟ್ಟ. "ಕುಬಾತಣ್ಣ, ಬಿಸಿ ಇರೋವಾಗ್ಲೇ ತಿನ್ನು." ನಗು ನಿಂತಿತು.

ಅವನನ್ನು ನಾರಿನ್ ಪಟ್ಟಣಕ್ಕೆ ಕರೆದೊಯ್ದೆವು. ಅಲ್ಲಿನ ಡಾಕ್ಟರಮ್ಮ ರಕ್ತ ನೋಡಿ, ಮೈಯಲ್ಲಿ ಸತು ತೀರ ಕಡಿಮೆಯಾಗಿದೆ ಎಂದಳು. ನಾಲಿಗೆಯ ರುಚಿಗೂ ಮಿದುಳಿಗೂ ಅದು ಬೇಕಂತೆ. ಮಾಂಸ ಬಿಟ್ಟು ಬರೀ ರೊಟ್ಟಿ ಚಹಾ ಎಂದರೆ ಸತು ಮೈಗೆ ಹತ್ತುವುದಿಲ್ಲವಂತೆ. ಮರೆವಿಗೆ ಅದೊಂದೇ ಕಾರಣ ಎನ್ನಲಾರೆ, ಸರಿಮಾಡಬಹುದಾದದ್ದನ್ನು ಮೊದಲು ಸರಿಮಾಡೋಣ ಎಂದು ಮಾತ್ರೆ ಬರೆದಳು.

"ಬಕೆಟ್ಟಿಗೆ ಬಳೀತಾರಲ್ಲ, ಆ ಸತುವಾ? ನನ್ನ ತಲೆ ತುಕ್ಕು ಹಿಡಿದಿದೆ ಅನ್ನು ಹಾಗಾದ್ರೆ" ಎಂದು ದಾರಿಯುದ್ದಕ್ಕೂ ಕಾಚ್ಕಿನ್ ನಕ್ಕ.

ಮಾಂಸ ಕೊಚ್ಚಿ ಬೇಯಿಸಿ ಕೊಟ್ಟೆವು. ನಾಲಿಗೆಗೆ ಉಪ್ಪು ಮರಳಿತು. ನೆನಪೂ ಮರಳೀತೆಂಬ ಆಸೆ ಅವನಿಗೆ. ಆಸೆಗಿಂತ ಭಯವೇ ಹೆಚ್ಚು ಇತ್ತೇನೋ, ಯಾರಿಗೂ ಹೇಳದೆ ಸಂತೆಯಿಂದ ಅದೇ ಮಾತ್ರೆ ತಂದು ಮುಷ್ಟಿಗಟ್ಟಲೆ ನುಂಗಿದ. ತಿಂಗಳುಗಳು ಕಳೆದಂತೆ ಮುಖ ಬಿಳುಚಿತು, ಪಾದ ಜೋಮು ಹಿಡಿಯಿತು, ಹೊಸ್ತಿಲು ದಾಟಲು ಗೋಡೆ ತಡಕತೊಡಗಿದ. ಡಾಕ್ಟರಮ್ಮ ಗದರಿದಳು. ಸತು ಮಿತಿಮೀರಿದರೆ ಮೈಯಲ್ಲಿರುವ ತಾಮ್ರವನ್ನು ಹೊರಗಟ್ಟುತ್ತದೆ, ತಾಮ್ರ ಹೋದರೆ ನರ ಸಾಯುತ್ತದೆ ಎಂದಳು. ಕಮ್ಮಿಯಾದರೂ ಕೇಡು, ಹೆಚ್ಚಾದರೂ ಕೇಡು. ಅವತ್ತಿನಿಂದ ಅವನ ಸೊಸೆ ಒಂದು ಚಮಚ ಔಷಧಿ ಕೊಡಲೂ ಹೆದರುತ್ತಿದ್ದಳು. ಮಾತ್ರೆ ನಿಲ್ಲಿಸಿದ ಮೇಲೆ ಕಾಲು ಅರ್ಧ ಮರಳಿತು. ತಲೆ ಮರಳಲಿಲ್ಲ.

ಆ ಚಳಿಗಾಲದ ಮೊದಲ ಕುರಿ ನಮ್ಮ ಮನೆಯಲ್ಲಿ ಬೆಂದಿತು. "ಒಂದೇ ಸಲ ಹಂಚ್ತೀನಿ ಅತ್ತಿಗೆ. ತಪ್ಪಿದ್ರೆ ಕೈ ಹಿಡ್ಕೋ" ಎಂದು ಬೇಡಿಕೊಂಡ. ಪಕ್ಕದಲ್ಲೇ ಕೂತೆ. ತಲೆ ಹಿರಿಯಜ್ಜನಿಗೆ ಹೋಯಿತು, ಸೊಂಟದೆಲುಬು ಬೀಗರಿಗೆ, ಬಾಲದ ಬುಡ ನನಗೆ. ಒಂದೂ ತಪ್ಪಲಿಲ್ಲ. ಓರಗಿತ್ತಿ ತಲೆವಸ್ತ್ರದ ಅಂಚಿನಿಂದ ಕಣ್ಣೊರೆಸಿಕೊಂಡಳು.

ತಟ್ಟೆಯಲ್ಲಿ ಇನ್ನೊಂದು ಎಲುಬು ಉಳಿದಿತ್ತು, ಅವನದೇ. ಅದನ್ನು ಕೈಯಲ್ಲಿ ಹಿಡಿದು ಸುತ್ತ ಒಂದೊಂದೇ ಮುಖ ನೋಡಿದ. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿದ.

"ಅತ್ತಿಗೆ, ಕಾಚ್ಕಿನ್ ಇನ್ನೂ ಬರ್ಲಿಲ್ವಲ್ಲ. ಅವನ ಪಾಲು ಆರಿ ಹೋಗ್ತಿದೆ. ಸ್ವಲ್ಪ ಕರೀತೀಯಾ?"