ಮೆತ್ತಗಾದ ರೊಟ್ಟಿ, ಹೆಚ್ಚಾದ ಗುಳಿಗೆ

ಕೋವಿಡ್ ಗಲಾಟೆ ಅಡಗಿದ ಮರುವರ್ಷ. ನಾನಾಗ ಸರ್ಕಾರಿ ಮನೋವೈದ್ಯ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕುಗಳ ಮನಸ್ಸುಗಳು ನನ್ನ ಸುಪರ್ದಿಯಲ್ಲಿದ್ದವು. ಜೀಪು ಒಂದೇ ಆದ್ದರಿಂದ, ತಮ್ಮೂರಿನ ಸರದಿ ಬರುವವರೆಗೆ ಜನ ಕಾಯಿಲೆಯನ್ನು ತಡೆದುಕೊಳ್ಳಬೇಕಿತ್ತು.

ಅಫಜಲಪುರದ ಸರದಿಯಂದು ಗೊಬ್ಬೂರಿನಿಂದ ಮೂವರು ಬಂದರು: ಕಿರಾಣಿ ಅಂಗಡಿಯ ಶರಣಪ್ಪ, ತಾಯಿ ನೀಲಮ್ಮ, ಮೂವತ್ತು ದಾಟಿದ ತಮ್ಮ ರೇವಣಸಿದ್ದ. ರೇವಣಸಿದ್ದ ಕುಳಿತಲ್ಲೇ ತೂಕಡಿಸುತ್ತಿದ್ದ. ಕೈ ನಡುಕ, ಬಾಯಂಚಿನಲ್ಲಿ ಜೊಲ್ಲು. ಚಿಕ್ಕಂದಿನಿಂದಲೂ ಮಾತು ಕಡಿಮೆ, ಮುಖ ಕೊಟ್ಟು ನೋಡುವುದಿಲ್ಲ, ದಿನಚರಿ ಕದಲಿದರೆ ಕಿವಿ ಮುಚ್ಚಿಕೊಳ್ಳುತ್ತಾನೆ. ಆಟಿಸಂ. ಹುಟ್ಟಿನಿಂದ ಬಂದ ಮನಸ್ಸಿನ ರಚನೆ ಅದು. ಆದರೆ ಅದು ಮಕ್ಕಳಿಗಷ್ಟೇ ಸೇರಿದ್ದು, ಮೀಸೆ ಮೂಡಿದೊಡನೆ ರಾಜೀನಾಮೆ ಕೊಡುತ್ತದೆ ಎಂಬ ನಂಬಿಕೆ ವೈದ್ಯರಲ್ಲೂ ಉಂಟು. ಹಾಗಾಗಿ ಇವನ ಕಾಯಿಲೆಗೆ ಸ್ಕಿಜೋಫ್ರೇನಿಯಾ, ಅಂದರೆ ಚಿತ್ತವಿಕಲತೆ, ಎಂದು ನಾಮಕರಣವಾಗಿತ್ತು. ಒಬ್ಬ ವೈದ್ಯರು ಅದಕ್ಕೆಂದು ರಿಸ್ಪೆರಿಡೋನ್ ಗುಳಿಗೆ ಕೊಟ್ಟರು, ಇನ್ನೊಬ್ಬರು ಅದರಿಂದಾದ ನಡುಕಕ್ಕೊಂದು ಗುಳಿಗೆ, ಮತ್ತೊಬ್ಬರು ನಿದ್ದೆಗೊಂದು. ಹಿರಿಯರು ಬರೆದದ್ದನ್ನು ಹೊಡೆದುಹಾಕುವ ಉದ್ಧಟತನ ನಮ್ಮ ವೃತ್ತಿಯಲ್ಲಿ ಕಡಿಮೆ.

"ತಾಟು ಬೀಸಿ ಒಗಿತಾನ್ರಿ ಸಾಹೇಬ್ರ. ಮೊನ್ನಿ ನನ್ನ ಹೆಂಡ್ತಿ ಹಣಿ ಒಡೀತು. ಡೋಸ್ ಏರಿಸ್ರಿ, ಇಲ್ಲಾಂದ್ರ ಸೊಲ್ಲಾಪುರ ಕಡಿ ಒಂದು ಆಶ್ರಮದಾಗ ಬಿಟ್ಟು ಬರ್ತೇನಿ," ಎಂದರು ಶರಣಪ್ಪ. ನೀಲಮ್ಮ ಸೆರಗಿನಿಂದ ಮಗನ ಬಾಯಿ ಒರೆಸಿದರು.

ಎಷ್ಟು ಸಲ ತಾಟು ಎಸೆಯುತ್ತಾನೆಂದು ಎಲ್ಲ ವೈದ್ಯರೂ ಕೇಳಿದ್ದರಂತೆ. ತಾಟಿನಲ್ಲಿ ಏನಿರುತ್ತದೆ ಎಂದು ನಾನು ಕೇಳಿದೆ.

"ಹಾಲಾಗ ನೆನಸಿ ಹಿಚುಕಿದ ರೊಟ್ಟೀರಿ," ಎಂದರು ನೀಲಮ್ಮ. "ಜಡ್ಡಿನ ಮನಷ್ಯಾಗ ಖಡಕ್ ರೊಟ್ಟಿ ಹ್ಯಾಂಗ ಕೊಡ್ಲಿ?"

ಮೊದಲು ಅವನು ತಿನ್ನುತ್ತಿದ್ದುದು ಹಪ್ಪಳದಂತೆ ಮುರಿಯುವ ಖಡಕ್ ರೊಟ್ಟಿ, ಶೇಂಗಾ ಹಿಂಡಿಯೆಂಬ ಒಣ ಚಟ್ನಿಪುಡಿ, ಬೇರೇನೂ ಅಲ್ಲ. ಒಮ್ಮೆ ಜ್ವರ ಬಂದು ಮೆತ್ತನೆಯ ಊಟ ಶುರುವಾಯಿತು, ತಾಟು ಹಾರಿತು, ಗುಳಿಗೆ ಬಂತು. ಗುಳಿಗೆ ಬಂದ ಮೇಲೆ ಅವನು ಅಧಿಕೃತ ರೋಗಿ. ರೋಗಿಯಾದ್ದರಿಂದ ರೊಟ್ಟಿ ಇನ್ನಷ್ಟು ಮೆತ್ತಗಾಯಿತು. ಮಂಪರಿನಲ್ಲಿದ್ದ ದಿನ ತಿನ್ನುತ್ತಿದ್ದ, ಎಚ್ಚರವಿದ್ದ ದಿನ ಎಸೆಯುತ್ತಿದ್ದ. ಆದ್ದರಿಂದ ಗುಳಿಗೆ ಗುಣಕಾರಿ ಎಂದು ಎಲ್ಲರೂ ಒಪ್ಪಿದ್ದರು. ಆಟಿಸಂ ಇರುವ ಕೆಲವರಿಗೆ ನಾಲಗೆಯ ಮೇಲೆ ಮೆತ್ತನೆಯ ಪದಾರ್ಥ ಇದ್ದರೆ ಅದು ಹಿಂಸೆಯೇ.

"ಮೆತ್ತಂದು ಬ್ಯಾಡ," ಎಂದ ರೇವಣಸಿದ್ದ, ಕಣ್ಣು ತೆರೆಯದೆ.

ಶರಣಪ್ಪ ತಾಯಿಯತ್ತ ತಿರುಗಿದರು. "ಯವ್ವಾ, ಇದನ್ನ ಕೇಳಾಕ ಇಷ್ಟು ಮಂದಿ ಡಾಕ್ಟರ್ ಬೇಕಾತೇನು?"

"ನೀ ಅಣ್ಣ ಇದ್ದಿ. ನೀನರ ಕೇಳಬೇಕಿತ್ತಲ್ಲ ಲೇ."

ಮೊದಲು ಬದಲಾದದ್ದು ರೊಟ್ಟಿ. ತಾಟು ಹಾರುವುದು ನಿಂತಿತು. ಈ ಔಷಧಗಳನ್ನು ದಿಢೀರನೆ ನಿಲ್ಲಿಸುವುದು ಅಪಾಯ. ತಿಂಗಳುಗಟ್ಟಲೆ, ಒಂದೊಂದಾಗಿ, ಸ್ವಲ್ಪಸ್ವಲ್ಪವೇ ಇಳಿಸಿದೆವು. ನಡುವೆ ನಿದ್ದೆ ಕೆಟ್ಟಾಗ ಅರ್ಧ ಹೆಜ್ಜೆ ಹಿಂದೆ ಸರಿದದ್ದೂ ಉಂಟು. ದಿನಚರಿ ಕದಲಿದಾಗಿನ ಅವನ ಗಾಬರಿ ಮಾತ್ರ ನಿಜವಾಗಿತ್ತು. ಅದಕ್ಕೊಂದು ಗುಳಿಗೆ ಉಳಿಯಿತು, ಉಪಕಾರವೂ ಆಯಿತು. ಔಷಧದ ಮೇಲೆ ನನಗೆ ಹಗೆಯಿಲ್ಲ, ನನ್ನ ಹೊಟ್ಟೆಪಾಡು ಅದರಿಂದಲೇ.

ಆಶ್ರಮದ ಮಾತು ಮತ್ತೆ ಬರಲಿಲ್ಲ. ಮರುವರ್ಷ ಶರಣಪ್ಪ ಒಬ್ಬರೇ ಗುಳಿಗೆಗೆ ಬಂದರು. ತಮ್ಮ ಎಲ್ಲಿ ಎಂದೆ. "ಅಂಗಡ್ಯಾಗ ಕೂಡಿಸಿ ಬಂದೇನ್ರಿ. ಗಿರಾಕಿ ಎಷ್ಟು ಚೌಕಾಸಿ ಮಾಡಿದ್ರೂ ಹ್ಞೂಂ ಅನ್ನಂಗಿಲ್ಲ, ಮಾರಿ ಎತ್ತಿ ನೋಡಂಗಿಲ್ಲ. ನನಗಿಂತ ಛಲೋ ಯಾಪಾರಿ ಆಗ್ಯಾನ್ರಿ." ಅಂದು ನನಗಾದ ನಿರಾಳಕ್ಕೆ ಜೀಪಿನವನಿಗೂ ಚಹಾ ಕುಡಿಸಿದೆ.

ಮನೆಯವರು ಬಂದು ಹೇಳುವುದು ತಮಗಾದ ತೊಂದರೆಯನ್ನು. ರೋಗಿಯ ತೊಂದರೆ ಬೇರೆಯೇ ಇರಬಹುದು. ಅದನ್ನು ವಿಚಾರಿಸುವವರೆಗೆ ಪೆನ್ನಿನ ಮುಚ್ಚಳ ತೆಗೆಯಬಾರದು ಎಂಬುದನ್ನು ಈ ನೌಕರಿ ನನಗೆ ಕಲಿಸಿತು.